ಕಾಳೆಷ್ಟು, ಕಟ್ಟೆಷ್ಟು

ಎತ್ತು ಕಟ್ಟಿದ ಮನೆಗಳಲ್ಲಿ ಹುರಳಿ ಬೇಯಿಸಿದ ದಿನ ಪಾಲು ಹಂಚಿಕೆ ಹೀಗಿರುತ್ತಿತ್ತು: ಬೆಂದ ಹುರಳಿಯಿಂದ ಬಸಿದ ಕಂದುಬಣ್ಣದ ಕಟ್ಟು ಅಡುಗೆಮನೆಯಲ್ಲೇ ಉಳಿದು, ಹುಣಸೆಹುಳಿ, ಮೆಣಸು, ಬೆಳ್ಳುಳ್ಳಿ ಒಗ್ಗರಣೆ ಬಿದ್ದು ಕಟ್ಟಿನ ಸಾರಾಗುತ್ತಿತ್ತು, ಕಾಳು ಕೊಟ್ಟಿಗೆಗೆ ಹೋಗಿ ಉಳುವ ಎತ್ತಿನ ಹೊಟ್ಟೆ ಸೇರುತ್ತಿತ್ತು. ಕಟ್ಟಿನ ಸಾರು ಮೈಗೆ ಬಲ ಕೊಡುತ್ತದೆ ಎಂಬ ಮಾತು ಇಂದಿಗೂ ಇದೆ. ಆದರೆ 100 ಗ್ರಾಂ ಹುರಳಿಯಲ್ಲಿ ಇರುವ ಸುಮಾರು 22 ಗ್ರಾಂ ಪ್ರೋಟೀನ್ ಎಲ್ಲಿಗೆ ಹೋಯಿತು ಎಂದು ಬೆನ್ನಟ್ಟಿದರೆ ಲೆಕ್ಕ ಬೇರೆಯಾಗುತ್ತದೆ. ಮೊಟ್ಟೆ ಬೆಂದಾಗ ಅದರ ಬಿಳಿ ಗಟ್ಟಿಯಾಗುವಂತೆ, ಕಾಳಿನೊಳಗಿನ ಪ್ರೋಟೀನೂ ಬಿಸಿಗೆ ಇದ್ದಲ್ಲೇ ಹೆಪ್ಪುಗಟ್ಟುತ್ತದೆ. ನೀರಿಗೆ ಇಳಿಯುವುದು ಬಣ್ಣ, ಘಮ, ಕೆಲವು ಲವಣಗಳು, ಒಂದಿಷ್ಟು ಪಿಷ್ಟ, ಮತ್ತು ಪ್ರೋಟೀನಿನ ಸಣ್ಣದೊಂದು ಪಾಲು. ಮಿಕ್ಕದ್ದೆಲ್ಲ ಕಾಳಿನಲ್ಲೇ ಇತ್ತು. ಎತ್ತಿಗೆ ಸಿಕ್ಕಿದ್ದು ಅದೇ. ರುಚಿ ಮಾತ್ರ ಯಜಮಾನನದು.

ಸಸ್ಯಾಹಾರದಲ್ಲಿ ಸಾಕಷ್ಟು ಪ್ರೋಟೀನ್ ಇದೆಯೇ ಎಂಬ ಚರ್ಚೆ ನಮ್ಮಲ್ಲಿ ಎರಡು ತುದಿಗಳಲ್ಲಿ ನಡೆಯುತ್ತದೆ. ಮಾಂಸ ಮೊಟ್ಟೆ ಇಲ್ಲದೆ ಸಾಧ್ಯವೇ ಇಲ್ಲ ಎನ್ನುವವರು ಒಂದು ಕಡೆ. ಅನ್ನ ಸಾರಿನಲ್ಲಿ ಎಲ್ಲವೂ ಇದೆ, ಹಿರಿಯರು ದಡ್ಡರಲ್ಲ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಆಹಾರದ ಹೆಸರು ಹೇಳುತ್ತಾರೆ, ತೂಕ ಹೇಳುವುದಿಲ್ಲ. ಬೇಳೆಕಾಳಿನ ಊಟ ಪ್ರೋಟೀನಿಗೆ ಸಾಕಾಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ನಾವು ಬೇಳೆಕಾಳಿನ ಊಟ ಎಂದು ಕರೆಯುವ ಊಟದಲ್ಲಿ ಬೇಳೆಕಾಳು ಬಹಳ ಕಡಿಮೆ ಇರುತ್ತದೆ. ಈ ಅಧ್ಯಾಯದ ವಾದ ಇಷ್ಟೇ. ಅದನ್ನು ತಕ್ಕಡಿಯಲ್ಲಿಟ್ಟು ನೋಡಬೇಕಾದರೆ ಮೊದಲು ಲೈಸೀನ್ ಎಂಬ ಒಂದು ಪದಾರ್ಥದ ಪರಿಚಯ ಬೇಕು.

ಹಳೆಯ ಶಾಲಾ ಪುಸ್ತಕಗಳು ಪ್ರೋಟೀನನ್ನು ಸಸಾರಜನಕ ಎನ್ನುತ್ತಿದ್ದವು. ಪಿಷ್ಟದಲ್ಲೂ ಕೊಬ್ಬಿನಲ್ಲೂ ಇಲ್ಲದ ಸಾರಜನಕ ಇದರಲ್ಲಿದೆ ಎಂಬುದನ್ನು ಹೆಸರೇ ಹೇಳುತ್ತಿತ್ತು. ಒಳ್ಳೆಯ ಪದ, ಯಾಕೋ ಬಳಕೆ ತಪ್ಪಿತು. ಪ್ರೋಟೀನು ಸುಮಾರು 20 ಬಗೆಯ ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಅವುಗಳಲ್ಲಿ 9ನ್ನು ನಮ್ಮ ದೇಹ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ಒಂಬತ್ತರಲ್ಲಿ ಒಂದು ಕಡಿಮೆ ಬಿದ್ದರೂ ಉಳಿದವು ಎಷ್ಟಿದ್ದರೇನು, ಸರ ಅಷ್ಟಕ್ಕೇ ನಿಲ್ಲುತ್ತದೆ. ಪೋಣಿಸಲಾಗದೆ ಉಳಿದ ಮಣಿಗಳನ್ನು ದೇಹ ಸೌದೆಯಂತೆ ಉರಿಸಿಬಿಡುತ್ತದೆ. 1914ರಲ್ಲಿ ಅಮೆರಿಕದ ಥಾಮಸ್ ಆಸ್ಬೋರ್ನ್ ಮತ್ತು ಲಫಾಯೆಟ್ ಮೆಂಡೆಲ್ ಇದನ್ನು ಇಲಿಗಳಲ್ಲಿ ತೋರಿಸಿದರು. ಗೋಧಿಯ ಗ್ಲಯಡಿನ್ ಎಂಬ ಪ್ರೋಟೀನನ್ನಷ್ಟೇ ತಿಂದ ಎಳೆಯ ಇಲಿಗಳು ಬದುಕಿದವು, ಆದರೆ ಬೆಳೆಯಲಿಲ್ಲ. ಅದೇ ಮೇವಿಗೆ ಲೈಸೀನ್ ಬೆರೆಸಿದಾಗ ನಿಂತಿದ್ದ ಬೆಳವಣಿಗೆ ಮತ್ತೆ ಶುರುವಾಯಿತು. ಗೋಧಿಯಲ್ಲಷ್ಟೇ ಅಲ್ಲ, ಅಕ್ಕಿ, ರಾಗಿ, ಜೋಳ ಎಲ್ಲ ಧಾನ್ಯಗಳಲ್ಲೂ ಮೊದಲು ಕಡಿಮೆ ಬೀಳುವ ಮಣಿ ಈ ಲೈಸೀನೇ. ಬೇಳೆಕಾಳುಗಳಲ್ಲಿ ಅದು ಧಾರಾಳವಾಗಿದೆ. ಕಾಳುಗಳಲ್ಲಿ ಕಡಿಮೆ ಇರುವುದು ಗಂಧಕ ಇರುವ ಮೆಥಿಯೊನೀನ್, ಅದು ಧಾನ್ಯಗಳಲ್ಲಿದೆ. ಎಲ್ಲ ಸೀಮೆಯ ಊಟದಲ್ಲೂ ಧಾನ್ಯದ ಪಕ್ಕ ಕಾಳು ಬಂದು ಕೂತಿದ್ದು ಸುಮ್ಮನೆ ಅಲ್ಲ. ಹಾಗಾದರೆ ಬರೀ ಹುಲ್ಲು ಮೇಯುವ ಹಸುವಿಗೆ, ಎತ್ತಿಗೆ ಅಷ್ಟು ಮೈಕಟ್ಟು ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಎತ್ತಿನ ಮೊದಲ ಹೊಟ್ಟೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳ ಕಾರ್ಖಾನೆ ಇದೆ. ಅವು ಹುಲ್ಲಿನಿಂದ ಎಲ್ಲ ಅಮೈನೋ ಆಮ್ಲಗಳನ್ನೂ ತಯಾರಿಸಿಕೊಳ್ಳುತ್ತವೆ, ಎತ್ತು ಕೊನೆಗೆ ಆ ಜೀವಿಗಳನ್ನೇ ಜೀರ್ಣಿಸಿಕೊಳ್ಳುತ್ತದೆ. ನಮಗೆ ಅಂಥ ಹೊಟ್ಟೆ ಇಲ್ಲ. ಹುರಳಿಕಾಳು ಎತ್ತಿಗಿಂತ ಯಜಮಾನನಿಗೇ ಹೆಚ್ಚು ಬೇಕಾಗಿತ್ತು.

ದಿನಕ್ಕೆ ಎಷ್ಟು ಪ್ರೋಟೀನ್ ಬೇಕು ಎಂಬ ಪ್ರಶ್ನೆಗೆ ವಿಜ್ಞಾನ ಕೊಟ್ಟ ಉತ್ತರಗಳು ಒಂದೂವರೆ ಶತಮಾನದಲ್ಲಿ ಉಯ್ಯಾಲೆ ಆಡಿವೆ. ಹೀಗಾಗಿಯೇ ಜನರಿಗೆ ಅಂಕಿಗಳ ಮೇಲೆ ನಂಬಿಕೆ ಕಡಿಮೆ. 19ನೇ ಶತಮಾನದ ಜರ್ಮನಿಯಲ್ಲಿ ಕಾರ್ಲ್ ಫಾನ್ ಫಾಯ್ಟ್ ದುಡಿಯುವ ಗಂಡಸಿಗೆ 118 ಗ್ರಾಂ ಎಂದ. ಅದು ಅಲ್ಲಿಯ ಕೆಲಸಗಾರರು ಎಷ್ಟು ತಿನ್ನುತ್ತಿದ್ದರು ಎಂಬುದರ ಅಳತೆ. ಎಷ್ಟು ಬೇಕು ಎಂಬುದರ ಅಳತೆ ಅಲ್ಲ. 1904ರಲ್ಲಿ ಯೇಲ್ ವಿಶ್ವವಿದ್ಯಾಲಯದ ರಸೆಲ್ ಚಿಟೆಂಡೆನ್ ತನ್ನ ಮೇಲೆ, ಸಹೋದ್ಯೋಗಿಗಳ ಮೇಲೆ, ಸೈನಿಕರ ಮತ್ತು ಕ್ರೀಡಾಪಟುಗಳ ಮೇಲೆ ತಿಂಗಳುಗಟ್ಟಲೆ ಪ್ರಯೋಗ ಮಾಡಿ, ಅದರ ಅರ್ಧದಲ್ಲೇ ಆರೋಗ್ಯವಾಗಿ ಇರಬಹುದು ಎಂದು ತೋರಿಸಿದ. ಅದನ್ನು ಒಪ್ಪದವರಲ್ಲಿ ಕಲ್ಕತ್ತ ವೈದ್ಯಕೀಯ ಕಾಲೇಜಿನ ಡೇವಿಡ್ ಮೆಕೇ ಒಬ್ಬ. ಬಂಗಾಳಿಗಳ ಮೈಕಟ್ಟು ಸಣ್ಣದಿರುವುದಕ್ಕೆ ಪ್ರೋಟೀನ್ ಕಡಿಮೆಯಿರುವ ಅನ್ನವೇ ಕಾರಣ ಎಂದು 1912ರಲ್ಲಿ ಪುಸ್ತಕವನ್ನೇ ಬರೆದ. ಆಳುವವರ ದೊಡ್ಡಸ್ತಿಕೆ ಆ ವಾದದೊಳಗೆ ಎಷ್ಟು ಬೆರೆತಿತ್ತು ಎಂದು ಬೇರೆ ಹೇಳಬೇಕಿಲ್ಲ. ಸ್ವಾತಂತ್ರ್ಯ ಬಂದ ಮೇಲೆ, 1960ರ ದಶಕದಲ್ಲಿ, ಬಡದೇಶಗಳ ಮುಖ್ಯ ಕೊರತೆ ಪ್ರೋಟೀನ್ ಎಂಬ ಕೂಗು ವಿಶ್ವಸಂಸ್ಥೆಯಲ್ಲೇ ಎದ್ದಿತು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ. ಕಡಲೆಕಾಯಿ ಹಿಟ್ಟು ಮತ್ತು ಕಡಲೆ ಹಿಟ್ಟು ಬೆರೆಸಿ ಬಹೂಪಯೋಗಿ ಆಹಾರ ತಯಾರಿಸಿದ್ದು, ಕಡಲೆಕಾಯಿ ಪ್ರೋಟೀನಿನಿಂದ ಹಾಲು ಹಿಗ್ಗಿಸಿ ಮಿಲ್ಟೋನ್ ಮಾಡಿದ್ದು ಆ ದಶಕಗಳ ಹುಮ್ಮಸ್ಸಿನಲ್ಲೇ. ಮುಂದೆ ಪಿ.ವಿ. ಸುಖಾತ್ಮೆಯಂಥ ಸಂಖ್ಯಾಶಾಸ್ತ್ರಜ್ಞರು ಲೆಕ್ಕ ಹಾಕಿ, ಹೊಟ್ಟೆ ತುಂಬ ಊಟವೇ ಇಲ್ಲದವರಿಗೆ ಮೊದಲು ಬೇಕಾದದ್ದು ಊಟ, ಪ್ರೋಟೀನ್ ಆಮೇಲಿನ ಮಾತು ಎಂದರು. 1974ರಲ್ಲಿ ಪೋಷಣಾ ತಜ್ಞ ಡೊನಾಲ್ಡ್ ಮೆಕ್ಲಾರೆನ್ ಇಡೀ ಪ್ರೋಟೀನ್ ಗದ್ದಲವನ್ನೇ ದೊಡ್ಡ ಎಡವಟ್ಟು ಎಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ. ಆಮೇಲೆ ಸುಮಾರು ಎರಡು ದಶಕ ಆ ವಿಷಯ ತಣ್ಣಗಾಯಿತು.

ಅದು ಮತ್ತೆ ಬಿಸಿಯಾದದ್ದರಲ್ಲಿ ಬೆಂಗಳೂರಿನ ಪಾಲು ದೊಡ್ಡದು. 1985ರ ಅಂತಾರಾಷ್ಟ್ರೀಯ ವರದಿಯ ಪ್ರಕಾರ ವಯಸ್ಕರಿಗೆ ಪ್ರತಿ ಕಿಲೋ ದೇಹತೂಕಕ್ಕೆ ದಿನಕ್ಕೆ 12 ಮಿಲಿಗ್ರಾಂ ಲೈಸೀನ್ ಸಾಕಾಗಿತ್ತು. ಅಷ್ಟೇ ಆದರೆ ಬರೀ ಅನ್ನದಲ್ಲೇ ಅದು ಸಿಕ್ಕಿಬಿಡುತ್ತದೆ, ಬೇಳೆಯ ಮಾತೇ ಬೇಡ. ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ವರ್ನನ್ ಯಂಗ್ ಇದನ್ನು ಒಪ್ಪಲಿಲ್ಲ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರ ಕುರ್ಪಾಡ್ ಮತ್ತು ಸಂಗಡಿಗರು ಯಂಗ್ ಜೊತೆ ಸೇರಿ ಭಾರತೀಯರ ಮೇಲೆಯೇ ಅಳತೆ ಮಾಡಿದರು. ಉಪಾಯ ಸೊಗಸಾದದ್ದು. ಸ್ವಯಂಸೇವಕರಿಗೆ ಬೇರೆ ಬೇರೆ ಪ್ರಮಾಣದ ಲೈಸೀನ್ ಇರುವ ಊಟ ಕೊಡುತ್ತಾರೆ. ಜೊತೆಗೆ ಲ್ಯೂಸೀನ್ ಎಂಬ ಇನ್ನೊಂದು ಅಮೈನೋ ಆಮ್ಲವನ್ನು, ಅದರ ಇಂಗಾಲವನ್ನು ಸ್ವಲ್ಪ ಭಾರದ, ಅಪಾಯವಿಲ್ಲದ ಇಂಗಾಲದಿಂದ ಗುರುತು ಮಾಡಿ ಕೊಡುತ್ತಾರೆ. ಲೈಸೀನ್ ಸಾಲದಿದ್ದರೆ ಸರ ನಿಂತು, ಪೋಣಿಸಲಾಗದ ಲ್ಯೂಸೀನ್ ಉರಿದುಹೋಗುತ್ತದೆ, ಗುರುತಿನ ಇಂಗಾಲ ಉಸಿರಿನಲ್ಲಿ ಹೊರಬರುತ್ತದೆ. 24 ಗಂಟೆಯ ಉಸಿರನ್ನು ಸಂಗ್ರಹಿಸಿ ಅಳೆದರೆ ಸೌದೆಯಾಗಿ ಹೋದದ್ದೆಷ್ಟು, ಸರ ಸೇರಿದ್ದೆಷ್ಟು ಎಂದು ಗೊತ್ತಾಗುತ್ತದೆ. 2001ರಲ್ಲಿ ಪ್ರಕಟವಾದ ಉತ್ತರ: ಕಿಲೋಗೆ ಸುಮಾರು 30 ಮಿಲಿಗ್ರಾಂ. ಹಳೆಯ ಅಂಕಿಯ ಎರಡೂವರೆ ಪಟ್ಟು! ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿಯಲ್ಲಿರುವುದೂ ಇದೇ 30. ಬಹುಕಾಲ ಅರೆಹೊಟ್ಟೆಯಲ್ಲಿದ್ದ ಗಂಡಸರಲ್ಲಿ ಈ ಅಗತ್ಯ ಇನ್ನೂ ಹೆಚ್ಚಿತ್ತು, ಕರುಳಿನ ಹುಳುಗಳಿಗೆ ಔಷಧ ಕೊಟ್ಟ ಮೇಲೆ ಇಳಿಯಿತು ಎಂಬುದನ್ನೂ ಅದೇ ಗುಂಪು ತೋರಿಸಿತು. ತಟ್ಟೆಗೆ ಬಡಿಸಿದ್ದರಲ್ಲಿ ಹುಳುವಿಗೂ ಪಾಲಿದೆ ಎಂದಾಯಿತು.

ಈಗ ಲೆಕ್ಕ ಮಾಡಬಹುದು. 60 ಕಿಲೋ ತೂಕದ ಒಬ್ಬರನ್ನು ತೆಗೆದುಕೊಳ್ಳೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸು ಕಿಲೋಗೆ 0.83 ಗ್ರಾಂ, ಅಂದರೆ ಇವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. ಲೈಸೀನ್ 1800 ಮಿಲಿಗ್ರಾಂ ಬೇಕು. ಇವರು ಎರಡು ಹೊತ್ತು ಅನ್ನ ಸಾರು, ಬೆಳಿಗ್ಗೆ ಅಕ್ಕಿಯದೇ ಏನಾದರೂ ತಿನ್ನುವವರು. ಎಲ್ಲ ಸೇರಿ 300 ಗ್ರಾಂ ಅಕ್ಕಿ ಎನ್ನಿ. ಬೇಳೆ? ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಒಂದು ಕಾಫಿ ಲೋಟದಷ್ಟು ತೊಗರಿಬೇಳೆ ಕುಕ್ಕರಿಗೆ ಬಿದ್ದರೆ ತಲೆಗೆ 30 ಗ್ರಾಂ. ಅಕ್ಕಿಯಿಂದ 24 ಗ್ರಾಂ ಪ್ರೋಟೀನ್, ಬೇಳೆಯಿಂದ 6.5, ಅಲ್ಲಿಗೆ 30 ಗ್ರಾಂ ಆಯಿತು. ಲೈಸೀನ್ ಅಕ್ಕಿಯಿಂದ ಸುಮಾರು 880 ಮಿಲಿಗ್ರಾಂ, ಬೇಳೆಯಿಂದ 455; ಒಟ್ಟು 1335. ಇನ್ನೂ ಕಾಲು ಪಾಲು ಕಮ್ಮಿ. ಅದೂ ಬೇಳೆಯೆಲ್ಲ ತಟ್ಟೆಗೆ ಬಂದರೆ. ಸಾರಿನ ಪಾತ್ರೆಯಲ್ಲಿ ಬೇಳೆ ತಳದಲ್ಲಿ ಕೂರುತ್ತದೆ, ಸೌಟು ಮೇಲಿನ ತಿಳಿಯನ್ನು ಎತ್ತುತ್ತದೆ. ತಿಳಿಸಾರು ಇಷ್ಟಪಡುವವರಿಗೆ ಈ 30 ಗ್ರಾಮೂ ಸಿಗುವುದಿಲ್ಲ. ಅದೇ ಬೇಳೆಯನ್ನು 60 ಗ್ರಾಂ ಮಾಡಿ ನೋಡಿ, ಬೇರೇನನ್ನೂ ಮುಟ್ಟಬೇಡಿ: ಲೈಸೀನ್ 1790ಕ್ಕೆ ಏರುತ್ತದೆ, ಗುರಿ ತಲುಪಿದಂತೆಯೇ. ಒಟ್ಟು ಪ್ರೋಟೀನಿನಲ್ಲಿ ಉಳಿದ ಕೊರತೆಯನ್ನು ಮಜ್ಜಿಗೆಯಾಗುವ ಮೊದಲಿನ ಒಂದೂವರೆ ಲೋಟ ಮೊಸರು, ಪಲ್ಯ, ಶೇಂಗಾ ಚಟ್ನಿ ತುಂಬುತ್ತವೆ. ಮಜ್ಜಿಗೆಯಾದ ಮೇಲೆ ಮತ್ತೆ ಅದೇ ಕಟ್ಟಿನ ಕತೆ, ನೀರು ಎಷ್ಟು ಹೊಯ್ದಿರಿ ಎಂಬುದರ ಮೇಲೆ ಹೋಗುತ್ತದೆ.

ಮುದ್ದೆ ಉಣ್ಣುವವರ ಲೆಕ್ಕ ಇದಕ್ಕಿಂತ ಬಿಗಿ. 300 ಗ್ರಾಂ ರಾಗಿಯಲ್ಲಿ ಲೈಸೀನ್ ಕೇವಲ 600 ಮಿಲಿಗ್ರಾಂ ಆಸುಪಾಸು. ಉಳಿದ 1200 ಕಾಳಿನಿಂದಲೇ ಬರಬೇಕಾದರೆ 80 ಗ್ರಾಂ ಬೇಕು. ಜೋಳದ ವಿಷಯ ಇನ್ನೂ ಸ್ವಾರಸ್ಯ: ಪ್ರೋಟೀನಿನಲ್ಲಿ ಜೋಳ ಅಕ್ಕಿಯನ್ನು ಮೀರಿಸುತ್ತದೆ, ನೂರಕ್ಕೆ 10 ಗ್ರಾಂ, ಲೈಸೀನಿನಲ್ಲಿ ಅಕ್ಕಿಗಿಂತ ಹಿಂದೆ. ಪೊಟ್ಟಣದ ಮೇಲೆ ಅಚ್ಚಾದ ಪ್ರೋಟೀನ್ ಅಂಕಿ ನೋಡಿ ಧಾನ್ಯ ಆರಿಸುವವರು ಇಲ್ಲಿ ಮೋಸ ಹೋಗುತ್ತಾರೆ. ಹಾಗಂತ ರಾಗಿ, ಜೋಳ ಬಿಡಬೇಕೆಂದಲ್ಲ. ಸುಣ್ಣದಂಶಕ್ಕೆ ರಾಗಿಯ ಸಮ ಇಲ್ಲ, ಕಾಳಿನಲ್ಲಿ ಕಡಿಮೆ ಇರುವ ಮೆಥಿಯೊನೀನ್ ರಾಗಿಯಲ್ಲಿ ಒಳ್ಳೆಯ ಪ್ರಮಾಣದಲ್ಲಿದೆ. ಮುದ್ದೆಗೆ ಹಿತಕಿದ ಅವರೆಬೇಳೆ ಸಾರು, ರೊಟ್ಟಿಗೆ ಮಡಕೆಕಾಳಿನ ಪಲ್ಯ, ಜುಣಕ, ಶೇಂಗಾ ಹಿಂಡಿ ಎಂಬ ಜೋಡಿಗಳು ಈ ದೃಷ್ಟಿಯಿಂದ ಅತ್ಯುತ್ತಮ. ಬಸ್ಸಾರು ಮಾಡಿದ ದಿನ ಸೊಪ್ಪು ಕಾಳಿನ ಪಲ್ಯವನ್ನು ನಂಚಿಕೊಳ್ಳಲು ಚೂರು ಬಡಿಸಿಕೊಂಡು ಸಾರನ್ನು ಸೌಟುಗಟ್ಟಲೆ ಸುರಿದುಕೊಂಡರೆ ಜೋಡಿ ಮುರಿದಂತೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯಲ್ಲಿ 2000 ಕ್ಯಾಲರಿಯ ಒಂದು ದಿನದ ತಟ್ಟೆಗೆ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಹಾಲು ಮೊಸರು 300 ಮಿಲಿ ಲೀಟರ್. ಮೂರಕ್ಕೆ ಒಂದು. ನಮ್ಮ ಅನ್ನ ಸಾರಿನ ಲೆಕ್ಕ ಹತ್ತಕ್ಕೆ ಒಂದಾಗಿತ್ತು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಅಜ್ಜ ಮುತ್ತಜ್ಜಂದಿರು ಇದೇ ಮುದ್ದೆ, ಇದೇ ನೀರುಸಾರು ಉಂಡು ಬಾವಿ ತೋಡಿದರಲ್ಲ, ಅವರಿಗೆ ಯಾವ ಲೈಸೀನ್ ಕಡಿಮೆ ಬಿತ್ತು? ಉತ್ತರ ಅವರ ತಟ್ಟೆಯ ಗಾತ್ರದಲ್ಲಿದೆ. ದಿನವಿಡೀ ಮೈಮುರಿದು ದುಡಿಯುವವನು 750 ಗ್ರಾಂ ರಾಗಿ ಉಂಡರೆ ಅದರಲ್ಲೇ 54 ಗ್ರಾಂ ಪ್ರೋಟೀನ್, 1500 ಮಿಲಿಗ್ರಾಂ ಲೈಸೀನ್ ಬಂತು. ಮೇಲೆ ಒಂದು ಹಿಡಿ ಕಾಳು ಬಿದ್ದರೆ ಸಾಕಾಗಿ ಮಿಕ್ಕಿತು. ಧಾನ್ಯದ ಪ್ರೋಟೀನ್ ಕಳಪೆ ಇರಬಹುದು, ಆದರೆ ರಾಶಿ ತಿಂದವನಿಗೆ ರಾಶಿಯೇ ಕಾಪಾಡುತ್ತದೆ. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರು ಅಷ್ಟು ಉಂಡರೆ ಪ್ರೋಟೀನಿಗೆ ಮೊದಲು ಸಕ್ಕರೆ ಕಾಯಿಲೆ ಬರುತ್ತದೆ. ದುಡಿಮೆ ಇಳಿದಾಗ ಮುದ್ದೆ ಚಿಕ್ಕದಾಯಿತು, ಅನ್ನ ಕಡಿಮೆಯಾಯಿತು, ಅದು ಸರಿಯೇ. ಆದರೆ ಸಾರು ಹಾಗೇ ಉಳಿಯಿತು. ದೇಹಕ್ಕೆ ಬೇಕಾದ ಶಕ್ತಿ ದುಡಿಮೆಯ ಜೊತೆ ಇಳಿಯುತ್ತದೆ, ಪ್ರೋಟೀನ್ ಅಗತ್ಯ ಮಾತ್ರ ದೇಹತೂಕಕ್ಕೆ ಕಟ್ಟುಬಿದ್ದದ್ದು, ಅಷ್ಟಾಗಿ ಇಳಿಯುವುದಿಲ್ಲ. ವಯಸ್ಸಾದವರಲ್ಲಿ ಸ್ನಾಯು ಕರಗುವುದನ್ನು ತಡೆಯಲು ಕಿಲೋಗೆ 1 ಗ್ರಾಮಿಗಿಂತ ಹೆಚ್ಚೇ ಬೇಕು ಎಂದು ಹೇಳುವ ತಜ್ಞರಿದ್ದಾರೆ. ಎರಡು ತುತ್ತು ಮೊಸರನ್ನಕ್ಕೆ ಇಳಿದ ಎಪ್ಪತ್ತೈದರ ಅಜ್ಜಿಯ ಊಟ ಹಗುರ ನಿಜ, ಅವರ ಅಗತ್ಯ ಹಗುರವಲ್ಲ.

ಅಜ್ಜನ ಕಾಲದ ಸಾರೂ ಇಷ್ಟು ತೆಳ್ಳಗಿರಲಿಲ್ಲ ಎಂಬುದಕ್ಕೂ ದಾಖಲೆ ಇದೆ. ಸರ್ಕಾರದ ಅಂಕಿಗಳ ಪ್ರಕಾರ 1961ರಲ್ಲಿ ದೇಶದಲ್ಲಿ ತಲೆಗೆ ದಿನಕ್ಕೆ 69 ಗ್ರಾಂ ಬೇಳೆಕಾಳು ಲಭ್ಯವಿತ್ತು. 2001ರ ಹೊತ್ತಿಗೆ ಅದು 30 ಗ್ರಾಮಿಗೆ ಇಳಿದಿತ್ತು. ನಡುವೆ ಬಂದದ್ದು ಹಸಿರು ಕ್ರಾಂತಿ. ನೀರಾವರಿ, ಗೊಬ್ಬರ, ಬೆಂಬಲ ಬೆಲೆಯ ಖರೀದಿ ಎಲ್ಲ ಭತ್ತ, ಗೋಧಿಗೆ ಸಿಕ್ಕವು. ತೊಗರಿ, ಕಡಲೆ, ಹುರಳಿ ಮಳೆ ನಂಬಿದ ಹೊಲಕ್ಕೆ ಸರಿದವು. ಆಮೇಲೆ ಅಂಕಿ ಚೇತರಿಸಿಕೊಂಡಿದೆ, ಹಳೆಯ ಎತ್ತರ ಮುಟ್ಟಿಲ್ಲ. ಹಸಿವು ನೀಗಿಸಿದ ಆ ಕ್ರಾಂತಿಯನ್ನು ಹಳಿಯುವುದು ಕೃತಘ್ನತೆ. ಆದರೆ ಅದು ತಟ್ಟೆಯ ಧಾನ್ಯವನ್ನು ಹೆಚ್ಚಿಸಿದ ಹೊತ್ತಿಗೆ ಕಾಳನ್ನು ಅರ್ಧಕ್ಕಿಂತ ಕೆಳಗೆ ತಂದದ್ದೂ ಅಷ್ಟೇ ನಿಜ.

ಇನ್ನೊಂದು ಆಕ್ಷೇಪ ಅಂಕಿ ಬಲ್ಲವರದು. ಕುಟುಂಬ ಬಳಕೆ ವೆಚ್ಚದ ಇತ್ತೀಚಿನ ರಾಷ್ಟ್ರೀಯ ಸಮೀಕ್ಷೆಗಳಲ್ಲಿ ಭಾರತೀಯರ ತಲಾ ಪ್ರೋಟೀನ್ 60 ಗ್ರಾಮಿಗಿಂತ ಮೇಲಿದೆ, ಹಾಗಿದ್ದ ಮೇಲೆ ಕೊರತೆ ಎಲ್ಲಿ? ಮಾತು ಸರಿ, ದೇಶಕ್ಕೆ ದೇಶವೇ ಪ್ರೋಟೀನ್ ಇಲ್ಲದೆ ಸೊರಗಿದೆ ಎಂದು ಡಬ್ಬಿ ಮಾರುವವರ ಜಾಹೀರಾತಿಗೆ ಇದು ಒಳ್ಳೆಯ ಉತ್ತರವೂ ಹೌದು. ಆದರೆ ಆ ಅರವತ್ತರಲ್ಲಿ ಅರ್ಧಕ್ಕೆ ಹತ್ತಿರದ ಪಾಲು ಧಾನ್ಯದ್ದು, ಅಂದರೆ ಲೈಸೀನ್ ಕಡಿಮೆ ಇರುವ ಪ್ರೋಟೀನ್. ಮತ್ತು ಅದು ಮನೆಗೆ ತಂದ ದಿನಸಿಯ ಲೆಕ್ಕ. ಪಾತ್ರೆಯಿಂದ ಯಾರ ತಟ್ಟೆಗೆ ಎಷ್ಟು ಬಿತ್ತು ಎಂದು ಅದು ಹೇಳುವುದಿಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವ ಹೆಂಗಸಿಗೆ ಉಳಿದಿರುವುದು ಅನೇಕ ಮನೆಗಳಲ್ಲಿ ಅನ್ನ ಮತ್ತು ನೀರು ಬೆರೆಸಿ ಹಿಗ್ಗಿಸಿದ ಸಾರು. ಗರ್ಭದ ಕೊನೆಯ ಮೂರು ತಿಂಗಳಲ್ಲಿ ದಿನಕ್ಕೆ ಹೆಚ್ಚುವರಿ 22 ಗ್ರಾಂ ಪ್ರೋಟೀನ್ ಬೇಕು ಎನ್ನುತ್ತದೆ 2020ರ ಶಿಫಾರಸು. ತೊಗರಿಬೇಳೆಯಲ್ಲಿ ಹೇಳುವುದಾದರೆ 100 ಗ್ರಾಂ, ಇಡೀ ಮನೆಯ ಸಾರಿಗೆ ಹಾಕಿದಷ್ಟು.

ಧಾನ್ಯ, ಕಾಳು ಒಂದೇ ಹೊತ್ತಿನ ಊಟದಲ್ಲಿ ಕೂಡಲೇಬೇಕು ಎಂಬ ನಂಬಿಕೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1971ರಲ್ಲಿ ಫ್ರಾನ್ಸಿಸ್ ಮೂರ್ ಲಾಪೆ ಬರೆದ ಜನಪ್ರಿಯ ಪುಸ್ತಕದಿಂದ ಅದು ಹರಡಿತು; ಹತ್ತು ವರ್ಷದ ನಂತರದ ಆವೃತ್ತಿಯಲ್ಲಿ ಆಕೆಯೇ ಅದನ್ನು ಹಿಂತೆಗೆದುಕೊಂಡಳು. ದೇಹದೊಳಗೆ ಅಮೈನೋ ಆಮ್ಲಗಳ ಸಣ್ಣ ದಾಸ್ತಾನು ಸದಾ ಇರುತ್ತದೆ, ಬೆಳಗಿನ ರೊಟ್ಟಿಗೆ ರಾತ್ರಿಯ ಕಾಳು ಜೊತೆಯಾಗಬಲ್ಲದು. ದಿನದ ಲೆಕ್ಕ ಕೂಡಿಬಂದರೆ ಸಾಕು.

ಇದಕ್ಕಿಂತ ಗಮನಿಸಬೇಕಾದದ್ದು ಜೀರ್ಣ. ತಿಂದ ಕಾಳೆಲ್ಲ ರಕ್ತಕ್ಕೆ ಸೇರುವುದಿಲ್ಲ. ಸೇಂಟ್ ಜಾನ್ಸ್‌ನ ಸಂಶೋಧಕರೇ ಗುರುತು ಮಾಡಿದ ಆಹಾರ ಬಳಸಿ ಮನುಷ್ಯರಲ್ಲಿ ಅಳೆದಾಗ ಮೊಟ್ಟೆಯ ಅಮೈನೋ ಆಮ್ಲಗಳು ನೂರಕ್ಕೆ 90ರ ಹತ್ತಿರ ಜೀರ್ಣವಾದವು, ಕಡಲೆ ಮತ್ತು ಹೆಸರುಕಾಳಿನವು ಅದಕ್ಕಿಂತ ಬಹಳ ಕಡಿಮೆ. ಹೆಸರಿನ ಸಿಪ್ಪೆ ತೆಗೆದಾಗ ಸುಧಾರಿಸಿತು. ಸಿಪ್ಪೆಯಲ್ಲಿರುವ ಟ್ಯಾನಿನ್, ಕಾಳಿನಲ್ಲಿರುವ ಜೀರ್ಣ ತಡೆಯುವ ಪ್ರೋಟೀನುಗಳು ಇದಕ್ಕೆ ಕಾರಣ. ನೆನೆಸುವುದು, ಚೆನ್ನಾಗಿ ಬೇಯಿಸುವುದು, ಹುದುಗಿಸುವುದು ಇವನ್ನು ತಗ್ಗಿಸುತ್ತವೆ. ಅವರೆಕಾಳು ನೆನೆಸಿ ಒಂದೊಂದನ್ನೇ ಹಿತುಕಿ ಸಿಪ್ಪೆ ಬಿಡಿಸುತ್ತ ಕೂರುವ ಆ ತಾಳ್ಮೆಯ ಕೆಲಸ ರುಚಿಗೆಂದೇ ಶುರುವಾಗಿರಬಹುದು, ಫಲ ಕರುಳಿಗೂ ಸಿಕ್ಕಿತು. ಮೊಳಕೆ ಕಟ್ಟಿದರೆ ಪ್ರೋಟೀನ್ ದುಪ್ಪಟ್ಟಾಗುತ್ತದೆ ಎಂಬ ಮಾತು ಮಾತ್ರ ಸುಳ್ಳು. ದುಪ್ಪಟ್ಟಾಗುವುದು ನೀರು, ಬಟ್ಟಲು ತುಂಬಿ ಕಾಣುತ್ತದೆ, ಒಣಕಾಳಿನಲ್ಲಿದ್ದ ಪ್ರೋಟೀನ್ ಇದ್ದಷ್ಟೇ ಇರುತ್ತದೆ. ಕಾಳು ಹೆಚ್ಚಾದರೆ ಹೊಟ್ಟೆ ಉಬ್ಬರ, ವಾಯು ಎಂಬ ದೂರು ಕಟ್ಟುಕತೆಯಲ್ಲ. ಕಾಳಿನ ಕೆಲವು ಸಕ್ಕರೆಗಳನ್ನು ನಾವು ಜೀರ್ಣಿಸಿಕೊಳ್ಳಲಾರೆವು, ದೊಡ್ಡಕರುಳಿನ ಬ್ಯಾಕ್ಟೀರಿಯಾ ಅವನ್ನು ಹುದುಗಿಸಿ ಗಾಳಿ ಮಾಡುತ್ತವೆ. ನೆನೆಸಿದ ನೀರನ್ನು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಿದರೆ ಆ ಸಕ್ಕರೆ ಒಂದಷ್ಟು ಹೋಗುತ್ತದೆ. ಉಳಿದದ್ದಕ್ಕೆ, ನಿಧಾನವಾಗಿ ಹೆಚ್ಚಿಸಿದರೆ, ಕೆಲವು ವಾರದಲ್ಲಿ ಕರುಳು ಹೊಂದಿಕೊಳ್ಳುತ್ತದೆ.

ಹಾಲನ್ನೂ ಬಿಟ್ಟವರ ಲೆಕ್ಕ ಏನಾಗುತ್ತದೆ? 300 ಮಿಲಿ ಲೀಟರ್ ಹಾಲು ಕೊಡುತ್ತಿದ್ದ ಹತ್ತು ಗ್ರಾಂ ಪ್ರೋಟೀನ್, ಎಂಟುನೂರರ ಹತ್ತಿರದ ಲೈಸೀನ್ ಹೋಗುತ್ತದೆ. ಕಾಳು 50 ಗ್ರಾಂ ಹೆಚ್ಚಿಸಿದರೆ ಅದು ವಾಪಸ್ಸು. ಸೋಯಾ ಒಗ್ಗುವವರಿಗೆ ಇನ್ನೂ ಸುಲಭ, ಅದರಲ್ಲಿ ನೂರಕ್ಕೆ 35ರ ಮೇಲೆ ಪ್ರೋಟೀನ್, ಗುಣದಲ್ಲಿ ಹಾಲಿಗೆ ಹತ್ತಿರ. ಹಾಲು ಬಿಟ್ಟವರಿಗೆ ನಿಜವಾದ ತೊಡಕು ಬಿ12 ಜೀವಸತ್ವ. ಯಾವ ಸಸ್ಯಾಹಾರದಲ್ಲೂ ಅದನ್ನು ನಂಬಿ ಕೂರುವಷ್ಟು ಇಲ್ಲ, ಮಾತ್ರೆಯೋ ಬಲವರ್ಧಿತ ಆಹಾರವೋ ಬೇಕೇ ಬೇಕು. ಬಾದಾಮಿ, ಚಿಯಾ, ಕಿನೋವಾಗಳ ಮೆರವಣಿಗೆಗೆ ಇಲ್ಲಿ ಕೆಲಸವಿಲ್ಲ. ಬಾದಾಮಿಯಲ್ಲಿ ಲೈಸೀನ್ ಕಡಿಮೆ, ಬೆಲೆ ಹೆಚ್ಚು. ಕಲಬುರಗಿಯ ತೊಗರಿ ಎರಡರಲ್ಲೂ ಅದರ ತದ್ವಿರುದ್ಧ. ಪ್ರೋಟೀನ್ ಪುಡಿ ಊಟ ಇಳಿಯದ ರೋಗಿಗೆ, ಕಠಿಣ ತರಬೇತಿಯ ಕ್ರೀಡಾಪಟುವಿಗೆ ಅನುಕೂಲ. ಉಳಿದವರಿಗೆ ಅದು ದುಬಾರಿ ಬೆಲೆಯ ಒಂದು ಸೌಟು ಬೇಳೆ.

ಸರ್ಕಾರದ ಪಡಿಯನ್ನೂ ಇದೇ ತಕ್ಕಡಿಯಲ್ಲಿ ತೂಗಬಹುದು. ಶಾಲೆಯ ಬಿಸಿಯೂಟದ ರಾಷ್ಟ್ರೀಯ ಮಾನದಂಡ ಕಿರಿಯ ಮಕ್ಕಳಿಗೆ 100 ಗ್ರಾಂ ಧಾನ್ಯಕ್ಕೆ 20 ಗ್ರಾಂ ಬೇಳೆ, ಐದಕ್ಕೆ ಒಂದು. ಬಹಳ ಮನೆಗಳಿಗಿಂತ ಉತ್ತಮ. ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡತೊಡಗಿದಾಗ ಅದನ್ನು ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಎಂದಾಯಿತು. ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್, 400 ಮಿಲಿಗ್ರಾಮಿಗೂ ಹೆಚ್ಚು ಲೈಸೀನ್ ಇದೆ. ಬಾಳೆಹಣ್ಣಿನಲ್ಲಿ ಪ್ರೋಟೀನ್ ಬರೀ 1 ಗ್ರಾಮಿನಷ್ಟು. ಮಕ್ಕಳ ಕೈಗೆ ಸಮವೆಂದು ಕೊಟ್ಟ ಎರಡು ವಸ್ತುಗಳ ನಡುವೆ ಆರು ಪಟ್ಟು ಅಂತರ. ಚಿಕ್ಕಿ ಪ್ರೋಟೀನಿನಲ್ಲಿ ಮೊಟ್ಟೆಯ ಹತ್ತಿರ ಬರುತ್ತದೆ, ಲೈಸೀನಿನಲ್ಲಿ ಅರ್ಧಕ್ಕೆ ನಿಲ್ಲುತ್ತದೆ. ಸರಿಜೋಡಿ ಹುಡುಕಲು ಹೆಚ್ಚು ದೂರ ಹೋಗಬೇಕಿಲ್ಲ. ಜಾತ್ರೆಯಲ್ಲಿ ಪುರಿಯೊಳಗೆ ಬೆರೆಸಿ ಮಾರುವ ಹುರಿಗಡಲೆ 30 ಗ್ರಾಂ ತೂಗಿದರೆ ಪ್ರೋಟೀನ್ 6 ಗ್ರಾಂ ದಾಟುತ್ತದೆ, ಲೈಸೀನ್ 400 ಮುಟ್ಟುತ್ತದೆ. ಜೀರ್ಣದಲ್ಲಿ ಹಿಂದೆ ಬೀಳುವುದಕ್ಕೆ ಇನ್ನರ್ಧ ಹಿಡಿ ಸೇರಿಸಿ ಕೊಟ್ಟರೆ ಮೊಟ್ಟೆಯ ಬಾಕಿ ಚುಕ್ತಾ.